ಎಲ್ಲಿ ನಿಲ್ಲಬೇಕೆಂದು ನಿಯಮ ಹೇಳುವುದಿಲ್ಲ: ಫ್ರ್ಯಾಕ್ಟಲ್ ಬೆಳೆಸುವ ಪ್ರೋಗ್ರಾಂಗಳ ಕುರಿತು

ಮಾನ್ಯರೇ,

ಇವತ್ತಿನ ಮಾತು ಶುರುವಾಗುವುದಕ್ಕೆ ಒಂದು ಗೆರೆ ಸಾಕು. ಪರದೆಯ ಮೇಲೆ ಎಡದಿಂದ ಬಲಕ್ಕೆ 729 ಪಿಕ್ಸೆಲ್ ಉದ್ದದ ಒಂದು ನೇರ ಗೆರೆ ಇದೆ. ಅದನ್ನು ಮೂರು ಸಮಭಾಗ ಮಾಡಿ, ನಡುವಿನ ಭಾಗವನ್ನು ಅಳಿಸಿ, ಅಳಿಸಿದ ಜಾಗದಲ್ಲಿ ಅಷ್ಟೇ ಉದ್ದದ ಎರಡು ಗೆರೆಗಳನ್ನು ಗುಡಾರದ ಹಾಗೆ ಒಂದಕ್ಕೊಂದು ಒರಗಿಸಿ ನಿಲ್ಲಿಸುತ್ತೇನೆ. ಒಂದು ಗೆರೆ ಇದ್ದಲ್ಲಿ ಈಗ ನಾಲ್ಕು ಗೆರೆಗಳಿವೆ, ಪ್ರತಿಯೊಂದರ ಉದ್ದ 243 ಪಿಕ್ಸೆಲ್. ಇನ್ನು ನನಗೆ ಹೊಸದಾಗಿ ಯೋಚಿಸುವ ಕೆಲಸವಿಲ್ಲ. ಈ ನಾಲ್ಕು ಗೆರೆಗಳಲ್ಲಿ ಪ್ರತಿಯೊಂದಕ್ಕೂ ಮೊದಲ ಗೆರೆಗೆ ಮಾಡಿದ್ದನ್ನೇ ಮಾಡುತ್ತೇನೆ: 81 ಪಿಕ್ಸೆಲ್ಲಿನ 16 ಗೆರೆಗಳು, ಆಮೇಲೆ 27 ಪಿಕ್ಸೆಲ್ಲಿನ 64, ಆಮೇಲೆ 9 ಪಿಕ್ಸೆಲ್ಲಿನ 256, ಆಮೇಲೆ 3 ಪಿಕ್ಸೆಲ್ಲಿನ 1,024, ಕೊನೆಗೆ ಒಂದೊಂದು ಪಿಕ್ಸೆಲ್ಲಿನ 4,096 ಗೆರೆಗಳು.

ಆರನೆಯ ಸುತ್ತಿನ ಈ ಚಿತ್ರ ಹಿಮದ ಹರಳಿನ ಅಂಚಿನಂತೆ ಕಾಣುತ್ತದೆ. ಏಳನೆಯ ಸುತ್ತನ್ನೂ ಮಾಡಬಹುದು. ಆಗ ಗೆರೆಗಳ ಸಂಖ್ಯೆ 16,384 ಆಗುತ್ತದೆ, ಕಂಪ್ಯೂಟರು ನಾಲ್ಕು ಪಟ್ಟು ದುಡಿಯುತ್ತದೆ, ಆದರೆ ಪ್ರತಿ ಗೆರೆಯೂ ಪಿಕ್ಸೆಲ್ಲಿನ ಮೂರನೆಯ ಒಂದು ಭಾಗವಾಗಿಬಿಡುವುದರಿಂದ ನಿಮ್ಮ ಕಣ್ಣಿಗೆ ಹೊಸದೇನೂ ಸಿಗುವುದಿಲ್ಲ. ಹತ್ತನೆಯ ಸುತ್ತಿಗೆ ಗೆರೆಗಳು 10,48,576. ಪರದೆ ಮಾತ್ರ ಅದೇ. ಎಲ್ಲಿ ನಿಲ್ಲಬೇಕೆಂದು ಆ ನಿಯಮದಲ್ಲಿ ಎಲ್ಲಿಯೂ ಬರೆದಿಲ್ಲ ಎಂಬುದನ್ನು ಗಮನಿಸಿ. ಹೀಗೆ ಒಂದೇ ನಿಯಮವನ್ನು ಮತ್ತೆ ಮತ್ತೆ ಮಾಡಿ ಬೆಳೆಯುವ, ಭಾಗದಲ್ಲಿಯೂ ಇಡೀ ಆಕೃತಿಯನ್ನೇ ಹೋಲುವ ಚಿತ್ರಗಳಿಗೆ ಫ್ರ್ಯಾಕ್ಟಲ್ ಎನ್ನುತ್ತಾರೆ. ಫ್ರ್ಯಾಕ್ಟಲ್‌ಗಳ ಬಗ್ಗೆ ಮಾತನಾಡುವವರೆಲ್ಲ ನಿಯಮ ಎಷ್ಟು ಚಿಕ್ಕದು, ಚಿತ್ರ ಎಷ್ಟು ದೊಡ್ಡದು ಎಂದು ಬೆರಗಾಗುತ್ತಾರೆ. ಆ ಬೆರಗು ನನಗೂ ಇದೆ. ಆದರೆ ಪ್ರೋಗ್ರಾಂ ಬರೆಯಲು ಕೂತವನಿಗೆ ನಿಜವಾದ ಕೆಲಸ ಇರುವುದು ನಿಯಮದ ಹೊರಗೆ: ಎಷ್ಟು ಸಲ ಮಾಡಬೇಕು, ಯಾವುದನ್ನು ನೆನಪಿಟ್ಟುಕೊಳ್ಳಬೇಕು, ಯಾವುದನ್ನು ಒಟ್ಟಿಗೇ ಮಾಡಬೇಕು, ಆಕಸ್ಮಿಕಕ್ಕೆ ಎಷ್ಟು ಪಾಲು ಕೊಡಬೇಕು. ಈ ತೀರ್ಮಾನಗಳ ಬಗ್ಗೆಯೇ ಈ ಹೊತ್ತು ಹೇಳಬೇಕೆಂದಿದ್ದೇನೆ.

ಈ ಗೆರೆಯನ್ನು ಮೊದಲು ಕಟ್ಟಿದವನು ಸ್ವೀಡನ್ನಿನ ಗಣಿತಜ್ಞ ಹೆಲ್ಗೆ ವಾನ್ ಕಾಕ್, 1904ರಲ್ಲಿ. ಅವನಿಗೆ ಅಂದವಾದ ಚಿತ್ರ ಬೇಕಿರಲಿಲ್ಲ. ಎಲ್ಲಿಯೂ ತುಂಡಾಗದ, ಆದರೆ ಯಾವ ಬಿಂದುವಿನಲ್ಲಿಯೂ ಸ್ಪರ್ಶರೇಖೆಯನ್ನು ಎಳೆಯಲಾಗದ ಒಂದು ವಕ್ರರೇಖೆಯನ್ನು ಶಾಲೆಯ ರೇಖಾಗಣಿತದ ಸಲಕರಣೆಗಳಿಂದಲೇ ಕಟ್ಟಿ ತೋರಿಸಬೇಕಿತ್ತು. ಪ್ರತಿ ಸುತ್ತಿನಲ್ಲಿಯೂ ಒಟ್ಟು ಉದ್ದ ಮೂರನೆಯ ನಾಲ್ಕು (4/3) ಪಟ್ಟು ಆಗುತ್ತದೆ. ಹತ್ತು ಸುತ್ತಿಗೆ ಅದು ಮೊದಲಿನ ಹೆಚ್ಚುಕಡಿಮೆ 17.8 ಪಟ್ಟು, ಇಪ್ಪತ್ತು ಸುತ್ತಿಗೆ 315 ಪಟ್ಟು. ಸಮಬಾಹು ತ್ರಿಭುಜದ ಮೂರು ಬದಿಗಳಿಗೂ ಇದನ್ನೇ ಮಾಡಿದರೆ ಸಿಗುವ ಹಿಮಹರಳಿನ ಸುತ್ತಳತೆ ಮಿತಿಯಿಲ್ಲದೆ ಬೆಳೆಯುತ್ತಾ ಹೋಗುತ್ತದೆ, ಆದರೆ ಅದರ ವಿಸ್ತೀರ್ಣ ಮೂಲ ತ್ರಿಭುಜದ ಐದನೆಯ ಎಂಟು ಭಾಗವನ್ನು, ಎಂದರೆ 1.6 ಪಟ್ಟನ್ನು, ಎಂದೂ ಮೀರುವುದಿಲ್ಲ.

ಇಂಥ ಆಕೃತಿಗೆ ಆಯಾಮ ಎಷ್ಟು ಎಂದು ಕೇಳಿದರೆ ಉತ್ತರ ಪೂರ್ಣಾಂಕವಾಗಿ ಬರುವುದಿಲ್ಲ. ನೇರ ಗೆರೆಯನ್ನು ಮೂರನೆಯ ಒಂದರಷ್ಟು ಚಿಕ್ಕದು ಮಾಡಿದರೆ ಮೂಲ ಗೆರೆಯನ್ನು ತುಂಬಲು ಅಂಥ ಮೂರು ತುಂಡುಗಳು ಬೇಕು. ಚೌಕವನ್ನು ಹಾಗೆ ಕುಗ್ಗಿಸಿದರೆ ಮೂರರ ಎರಡನೆಯ ಘಾತದಷ್ಟು, ಎಂದರೆ ಒಂಬತ್ತು ತುಂಡುಗಳು ಬೇಕು. ಕಾಕ್‌ನ ಗೆರೆಗೆ ಬೇಕಾಗುವುದು ನಾಲ್ಕು. ಮೂರರ ಎಷ್ಟನೆಯ ಘಾತ ನಾಲ್ಕು? ಸುಮಾರು 1.26. ಗೆರೆಗಿಂತ ಹೆಚ್ಚು, ಸಮತಲಕ್ಕಿಂತ ಕಡಿಮೆ. ಇಂಥ ಆಕೃತಿಗಳಿಗೆಲ್ಲ ಒಂದು ಹೆಸರು ಬೇಕೆಂದು ಗಣಿತಜ್ಞ ಬೆನ್ವಾ ಮ್ಯಾಂಡೆಲ್‌ಬ್ರಾಟ್, ಮುರಿದದ್ದು ಎಂಬ ಅರ್ಥದ ಲ್ಯಾಟಿನ್ ಪದದಿಂದ, 1975ರಲ್ಲಿ ಫ್ರ್ಯಾಕ್ಟಲ್ ಎಂಬ ಪದವನ್ನು ಮಾಡಿಕೊಂಡರು. ಆಕೃತಿಗಳು ಹೆಸರಿಗಿಂತ ಬಹಳ ಹಳೆಯವು.

ಇನ್ನು ಪ್ರೋಗ್ರಾಂಗೆ ಬರೋಣ. ಮಕ್ಕಳಿಗಾಗಿ 1960ರ ದಶಕದ ಕೊನೆಯಲ್ಲಿ ರೂಪುಗೊಂಡ ಲೋಗೋ ಭಾಷೆಯಲ್ಲಿ ಪರದೆಯ ಮೇಲೆ ಒಂದು ಆಮೆ ಇರುತ್ತಿತ್ತು. ಅದಕ್ಕೆ ಮುಂದೆ ನಡೆಯುವುದು, ಎಡಕ್ಕೆ ತಿರುಗುವುದು, ಬಲಕ್ಕೆ ತಿರುಗುವುದು ಇಷ್ಟೇ ಗೊತ್ತು. ನಡೆದ ದಾರಿಯಲ್ಲಿ ಗೆರೆ ಮೂಡುತ್ತದೆ. ಕಾಕ್‌ನ ಗೆರೆಯನ್ನು ಆ ಆಮೆಗೆ ಹೇಳಿಕೊಡುವುದು ಹೀಗೆ. ‘ಗೆರೆ’ ಎಂಬ ಒಂದು ಫಂಕ್ಷನ್, ಎಂದರೆ ಹೆಸರಿಟ್ಟು ಕರೆಯಬಹುದಾದ ಆದೇಶಗಳ ಗುಂಪು, ಇದೆ; ಅದಕ್ಕೆ ಉದ್ದ ಮತ್ತು ಹಂತ ಎಂಬ ಎರಡು ಸಂಖ್ಯೆಗಳನ್ನು ಕೊಡಬೇಕು. ಹಂತ ಸೊನ್ನೆಯಾಗಿದ್ದರೆ ಆಮೆ ಸುಮ್ಮನೆ ಅಷ್ಟು ಉದ್ದ ಮುಂದೆ ನಡೆಯಲಿ. ಇಲ್ಲದಿದ್ದರೆ ಮೂರನೆಯ ಒಂದು ಉದ್ದಕ್ಕೆ, ಒಂದು ಹಂತ ಕಡಿಮೆ ಮಾಡಿ, ‘ಗೆರೆ’ಯನ್ನೇ ಮತ್ತೆ ಕರೆಯಬೇಕು, ಎಡಕ್ಕೆ 60 ಡಿಗ್ರಿ ತಿರುಗಿ ಮತ್ತೆ ಕರೆಯಬೇಕು, ಬಲಕ್ಕೆ 120 ಡಿಗ್ರಿ ತಿರುಗಿ ಮತ್ತೊಮ್ಮೆ, ಎಡಕ್ಕೆ 60 ತಿರುಗಿ ಕೊನೆಯ ಸಲ. ಎಡಕ್ಕೆ 60, ಬಲಕ್ಕೆ 120, ಎಡಕ್ಕೆ 60 ಕೂಡಿಸಿದರೆ ತಿರುಗಿದ್ದೆಲ್ಲ ಹೊಂದಿಕೊಂಡು ಆಮೆ ಹೊರಟ ದಿಕ್ಕಿಗೇ ಮುಖ ಮಾಡಿ ನಿಲ್ಲುತ್ತದೆ. ಆದ್ದರಿಂದಲೇ ಒಂದು ತುಂಡಿನ ಜಾಗದಲ್ಲಿ ಇಡೀ ಆಕೃತಿಯನ್ನು ತಂದಿಟ್ಟರೂ ಮುಂದಿನ ತುಂಡಿಗೆ ತೊಂದರೆಯಾಗುವುದಿಲ್ಲ.

ಫಂಕ್ಷನ್ ತನ್ನನ್ನೇ ಕರೆದುಕೊಳ್ಳುವ ಈ ಕ್ರಮಕ್ಕೆ ರಿಕರ್ಶನ್ ಎನ್ನುತ್ತಾರೆ. ಇಡೀ ಫಂಕ್ಷನ್‌ನಲ್ಲಿ ಚಿತ್ರಕ್ಕೆ ಸಂಬಂಧಿಸದ ಸಾಲು ಒಂದೇ, ಹಂತ ಸೊನ್ನೆಯಾಗಿದೆಯೇ ಎಂದು ನೋಡುವ ಸಾಲು. ಅದನ್ನು ಬಿಟ್ಟು ನೋಡಿ: ಆಮೆ ಒಂದು ಹೆಜ್ಜೆಯನ್ನೂ ಇಡುವುದಿಲ್ಲ. ಮೊದಲ ತುಂಡಿನ ಮೊದಲ ತುಂಡಿನ ಮೊದಲ ತುಂಡಿಗೆ ಇಳಿಯುತ್ತಲೇ ಹೋಗಿ, ಪರದೆಯ ಮೇಲೆ ಒಂದು ಚುಕ್ಕೆಯೂ ಮೂಡದೆ, ಪ್ರೋಗ್ರಾಂ ಕೈಚೆಲ್ಲುತ್ತದೆ. ಪೈಥಾನ್ ಭಾಷೆಯಲ್ಲಾದರೆ ಸಾಮಾನ್ಯವಾಗಿ ಸಾವಿರ ಮಟ್ಟಗಳ ಆಳಕ್ಕೇ ದೋಷದ ಸಂದೇಶ ಬರುತ್ತದೆ. ಅನಂತವಾಗಿ ಬೆಳೆಯಬಲ್ಲ ನಿಯಮದಿಂದ ಏನಾದರೂ ಕಣ್ಣಿಗೆ ಬೀಳಬೇಕಾದರೆ ಮೊದಲು ಅದನ್ನು ತಡೆಯಬೇಕು.

ಬೆಳೆಯುವುದು ಎಂಬ ಮಾತನ್ನು ಅಕ್ಷರಶಃ ತೆಗೆದುಕೊಂಡವರು ಹಂಗೇರಿ ಮೂಲದ ಜೀವವಿಜ್ಞಾನಿ ಅರಿಸ್ಟಿಡ್ ಲಿಂಡೆನ್‌ಮಾಯರ್. ಎಳೆಯಂತೆ ಉದ್ದಕ್ಕೆ ಬೆಳೆಯುವ ಸರಳ ಜೀವಿಗಳಲ್ಲಿ ಕೋಶಗಳು ಹೇಗೆ ಒಡೆಯುತ್ತವೆ ಎಂಬುದನ್ನು ಬರೆದಿಡಲು ಅವರು 1968ರಲ್ಲಿ ಒಂದು ಪದ್ಧತಿಯನ್ನು ಮುಂದಿಟ್ಟರು. ಅದನ್ನು ಈಗ ಎಲ್-ಸಿಸ್ಟಮ್ ಎನ್ನುತ್ತಾರೆ. ಅದರಲ್ಲಿ ಚಿತ್ರವೇ ಇಲ್ಲ, ಅಕ್ಷರಗಳಿವೆ. ದೊಡ್ಡ ಕೋಶಕ್ಕೆ ‘ದ’ ಎಂದೂ ಚಿಕ್ಕ ಕೋಶಕ್ಕೆ ‘ಚ’ ಎಂದೂ ಇಟ್ಟುಕೊಳ್ಳೋಣ. ನಿಯಮಗಳು ಎರಡು: ದೊಡ್ಡದು ಒಡೆದು ಒಂದು ದೊಡ್ಡದು, ಒಂದು ಚಿಕ್ಕದು ಆಗುತ್ತದೆ, ಚಿಕ್ಕದು ಬೆಳೆದು ದೊಡ್ಡದಾಗುತ್ತದೆ. ‘ದ’ ಇದ್ದಲ್ಲಿ ‘ದಚ’, ‘ಚ’ ಇದ್ದಲ್ಲಿ ‘ದ’. ಒಂದು ‘ದ’ದಿಂದ ಹೊರಟರೆ ಸಾಲುಗಳು ಹೀಗೆ ಬರುತ್ತವೆ:

ದ
ದಚ
ದಚದ
ದಚದದಚ
ದಚದದಚದಚದ

ಅಕ್ಷರಗಳನ್ನು ಎಣಿಸಿ: 1, 2, 3, 5, 8. ಮುಂದಿನದು 13. ಇದು ಹಿಂದಿನ ಎರಡನ್ನು ಕೂಡಿಸಿದರೆ ಮುಂದಿನದು ಸಿಗುವ ಫಿಬೊನಾಚಿ ಸರಣಿ. ಯಾಕೆ ಹಾಗಾಯಿತು ಎಂಬುದು ಸಾಲುಗಳನ್ನು ದಿಟ್ಟಿಸಿದರೆ ಕಾಣುತ್ತದೆ. ಮೂರನೆಯದರಿಂದ ಪ್ರತಿ ಸಾಲೂ ತನ್ನ ಹಿಂದಿನ ಸಾಲಿನ ಕೊನೆಗೆ ಅದಕ್ಕೂ ಹಿಂದಿನ ಸಾಲನ್ನು ಜೋಡಿಸಿದ ಹಾಗಿದೆ. ಫಿಬೊನಾಚಿಯ ಹೆಸರೂ ಕೂಡಿಸುವ ಲೆಕ್ಕವೂ ನಿಯಮದಲ್ಲಿ ಎಲ್ಲಿಯೂ ಇಲ್ಲ.

ಇದನ್ನು ಪ್ರೋಗ್ರಾಂ ಆಗಿ ಬರೆಯುವ ಹೊಸಬರು ಬಹುತೇಕ ಒಂದೇ ಕಡೆ ಎಡವುತ್ತಾರೆ. ಪಠ್ಯದಲ್ಲಿ ಒಂದು ಅಕ್ಷರವನ್ನು ಹುಡುಕಿ ಬದಲಿಸುವ ಸೌಲಭ್ಯ ಎಲ್ಲ ಭಾಷೆಗಳಲ್ಲಿಯೂ ಇರುತ್ತದಲ್ಲ, ಅದನ್ನೇ ಎರಡು ಸಲ ಬಳಸಿಬಿಡುತ್ತಾರೆ: ಮೊದಲು ಎಲ್ಲ ‘ದ’ಗಳನ್ನು ‘ದಚ’ ಮಾಡುವುದು, ಆಮೇಲೆ ಎಲ್ಲ ‘ಚ’ಗಳನ್ನು ‘ದ’ ಮಾಡುವುದು. ಆಗ ‘ದ’ ಮೊದಲು ‘ದಚ’ ಆಗಿ, ಆಗಷ್ಟೇ ಹುಟ್ಟಿದ ‘ಚ’ ಅದೇ ಸುತ್ತಿನಲ್ಲಿ ದೊಡ್ಡದಾಗಿ, ‘ದದ’ ಉಳಿಯುತ್ತದೆ. ಮುಂದಿನ ಸುತ್ತಿಗೆ ‘ದದದದ’. 1, 2, 4, 8. ಫಿಬೊನಾಚಿಯೂ ಹೋಯಿತು, ವಿನ್ಯಾಸವೂ ಹೋಯಿತು. ನಿಯಮಗಳು ಎರಡೂ ಸರಿಯಾಗಿಯೇ ಇದ್ದವು. ತಪ್ಪಿದ್ದು ಕಾಲದ ಲೆಕ್ಕ. ಜೀವಿಯಲ್ಲಿ ಎಲ್ಲ ಕೋಶಗಳೂ ಒಟ್ಟಿಗೆ ಬೆಳೆಯುತ್ತವೆ, ಒಂದು ಬೆಳೆದು ಮುಗಿಯುವವರೆಗೆ ಇನ್ನೊಂದು ಕಾಯುವುದಿಲ್ಲ. ಲಿಂಡೆನ್‌ಮಾಯರ್ ಪದ್ಧತಿಯ ಜೀವಾಳವೇ ಈ ಏಕಕಾಲ. ಆದ್ದರಿಂದ ಹಳೆಯ ಸಾಲನ್ನು ಮುಟ್ಟದೆ, ಅದನ್ನು ಎಡದಿಂದ ಒಂದೊಂದೇ ಅಕ್ಷರವಾಗಿ ಓದುತ್ತಾ, ಹೊಸ ಸಾಲನ್ನು ಬೇರೆಯದೇ ಜಾಗದಲ್ಲಿ ಕಟ್ಟಬೇಕು.

ಅಕ್ಷರಗಳ ಸಾಲಿನಿಂದ ಗಿಡ ಬೇಕಾದರೆ ಆ ಸಾಲನ್ನು ಆಮೆಯ ಕೈಗೆ ಕೊಡಬೇಕು. ‘ಮು’ ಎಂದರೆ ಗೆರೆ ಎಳೆಯುತ್ತಾ ಒಂದು ಹೆಜ್ಜೆ ಮುಂದೆ. ಕೂಡಿಸುವ ಚಿಹ್ನೆ ಬಂದರೆ ಎಡಕ್ಕೆ 25 ಡಿಗ್ರಿ. ಕಳೆಯುವ ಚಿಹ್ನೆ ಬಂದರೆ ಬಲಕ್ಕೆ ಅಷ್ಟೇ. ಇವುಗಳ ಜೊತೆಗೆ ಎರಡು ಚೌಕಾವರಣಗಳಿವೆ. ತೆರೆಯುವ ಆವರಣ ಬಂದಾಗ ಆಮೆ ತಾನಿರುವ ಸ್ಥಿತಿಯನ್ನು ಬರೆದಿಟ್ಟುಕೊಳ್ಳುತ್ತದೆ. ಮುಚ್ಚುವ ಆವರಣ ಬಂದಾಗ, ಗೆರೆ ಎಳೆಯದೆ, ಕೊನೆಯದಾಗಿ ಬರೆದಿಟ್ಟ ಸ್ಥಿತಿಗೆ ನೆಗೆದು ವಾಪಸಾಗುತ್ತದೆ. ಬರೆದಿಟ್ಟ ಚೀಟಿಗಳು ಒಂದರ ಮೇಲೊಂದು ಕೂರುತ್ತವೆ, ಮೇಲಿನದನ್ನೇ ಮೊದಲು ತೆಗೆಯಬೇಕು. ಪ್ರೋಗ್ರಾಂ ಬರೆಯುವವರು ಇದನ್ನು ಸ್ಟ್ಯಾಕ್ ಎನ್ನುತ್ತಾರೆ. ಈಗ ಇಡೀ ಗಿಡದ ನಿಯಮ ಒಂದೇ ಸಾಲು:

ಮು → ಮು[+ಮು]ಮು[−ಮು]ಮು

ಒಂದು ಕಡ್ಡಿ ಇದ್ದಲ್ಲಿ ಮೂರು ಕಡ್ಡಿ ಉದ್ದದ ಕಾಂಡ, ಅದರ ಎಡಕ್ಕೊಂದು, ಬಲಕ್ಕೊಂದು ಕೊಂಬೆ. ಪ್ರತಿ ಸುತ್ತಿಗೆ ಕಡ್ಡಿಗಳು ಐದು ಪಟ್ಟಾಗುತ್ತವೆ, ಎತ್ತರ ಮೂರು ಪಟ್ಟು. ಐದು ಸುತ್ತಿಗೆ 3,125 ಕಡ್ಡಿಗಳು ಮತ್ತು 243 ಹೆಜ್ಜೆ ಎತ್ತರದ ಕಾಂಡ. ನೋಡಿದವರು ಯಾವುದೋ ಹುಲ್ಲಿನ ಜಾತಿಯ ಗಿಡ ಎನ್ನುತ್ತಾರೆ.

ಇದನ್ನು ಮೊದಲ ಸಲ ಬರೆದಾಗ ನನಗಾದ ಪಾಡನ್ನು ಹೇಳಬೇಕು. ಚೀಟಿಯಲ್ಲಿ ಆಮೆಯ ಸ್ಥಾನವನ್ನು ಮಾತ್ರ ಬರೆದಿಟ್ಟೆ, ದಿಕ್ಕನ್ನು ಬರೆದಿಡಲು ಮರೆತೆ. ಪ್ರೋಗ್ರಾಂ ಎಲ್ಲಿಯೂ ನಿಲ್ಲಲಿಲ್ಲ, ದೋಷ ಎಂದು ಹೇಳಲಿಲ್ಲ, ಪೂರಾ 3,125 ಗೆರೆಗಳನ್ನು ಎಳೆದು ಮುಗಿಸಿತು. ಪರದೆಯ ಮೇಲೆ ಮಾತ್ರ ಕೊಂಬೆಯೇ ಇಲ್ಲದ ಒಂದು ಅಂಕುಡೊಂಕು ಬಳ್ಳಿ. ಕೊಂಬೆಗಳೆಲ್ಲ ಎಲ್ಲಿ ಹೋದವೆಂದು ಒಂದು ಸಂಜೆಯಿಡೀ ಹುಡುಕಿದೆ. ನಿಜವಾಗಿ ಅವು ಎಲ್ಲಿಗೂ ಹೋಗಿರಲಿಲ್ಲ. ಆಮೆ ಎಡಕ್ಕೆ ತಿರುಗಿ ಕೊಂಬೆಯನ್ನು ಎಳೆದು, ಕೊಂಬೆಯ ಬುಡಕ್ಕೆ ಸರಿಯಾಗಿಯೇ ವಾಪಸಾಗುತ್ತಿತ್ತು. ಆದರೆ ಮುಖ ಇನ್ನೂ ಎಡಕ್ಕೇ ಇದ್ದುದರಿಂದ ಕಾಂಡದ ಮುಂದಿನ ತುಂಡನ್ನು ಆಗತಾನೆ ಎಳೆದ ಕೊಂಬೆಯ ಮೇಲೆಯೇ ಎಳೆಯುತ್ತಿತ್ತು. ಬಲಗಡೆಯ ಕೊಂಬೆಗೂ ಹಾಗೆಯೇ ಆಯಿತು. ಪ್ರತಿ ಹಂತದಲ್ಲಿಯೂ ಐದರಲ್ಲಿ ಎರಡು ತುಂಡುಗಳು ಉಳಿದ ಮೂರರ ಅಡಿಯಲ್ಲಿ ಹೂತುಹೋಗಿ, ಕಣ್ಣಿಗೆ ಕಂಡದ್ದು 243 ಗೆರೆಗಳು ಮಾತ್ರ. ಸ್ಥಿತಿ ಎಂದರೆ ಎಲ್ಲಿದ್ದೇನೆ ಎಂಬುದಷ್ಟೇ ಎಂದು ನಾನು ತಿಳಿದಿದ್ದೆ, ಯಾವ ಕಡೆ ನೋಡುತ್ತಿದ್ದೇನೆ ಎಂಬುದೂ ಅದರಲ್ಲಿ ಸೇರುತ್ತದೆ. ಅದನ್ನು ಸೇರಿಸಿದ ಕೂಡಲೇ ಬಳ್ಳಿ ಗಿಡವಾಯಿತು.

ಹೀಗೆ ಬೆಳೆಸಿದ ಗಿಡಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ಕೂದಲೆಳೆಯ ವ್ಯತ್ಯಾಸವಿರುವುದಿಲ್ಲ. ನೂರು ಗಿಡಗಳ ತೋಪು ಮಾಡಲು ಹೋದರೆ ನಕಲು ಎಂಬುದು ಎದ್ದು ಕಾಣುತ್ತದೆ. ಅದಕ್ಕೆ ಒಂದೇ ಅಕ್ಷರಕ್ಕೆ ಎರಡು ಮೂರು ನಿಯಮಗಳನ್ನು ಕೊಟ್ಟು, ಪ್ರತಿ ಸಲವೂ ಯಾವುದನ್ನು ಅನ್ವಯಿಸಬೇಕೆಂದು ಚೀಟಿ ಎತ್ತಿಸುತ್ತಾರೆ. ಕಂಪ್ಯೂಟರಿನ ಯಾದೃಚ್ಛಿಕ ಸಂಖ್ಯೆಗಳು ಒಂದು ಬೀಜಸಂಖ್ಯೆಯಿಂದ ಹುಟ್ಟುವುದರಿಂದ, ಅದನ್ನು ಗುರುತು ಹಾಕಿಟ್ಟುಕೊಂಡರೆ ಅದೇ ತೋಪನ್ನು ನಾಳೆಯೂ ಬೆಳೆಸಬಹುದು. ಬೀಜ ಎಂಬ ಮಾತು ಇಲ್ಲಿ ಎಷ್ಟು ಚೆನ್ನಾಗಿ ಹೊಂದಿಕೊಂಡಿದೆ!

ಆಕಸ್ಮಿಕದ ಮಾತು ಬಂದಿತಲ್ಲ, ಅದೇ ಮುಂದಾಳಾಗಿರುವ ಒಂದು ಆಟವನ್ನು ನೋಡೋಣ. ತ್ರಿಭುಜದ ಮೂರು ಮೂಲೆಗಳನ್ನು ಗುರುತಿಸಿ. ಎಲ್ಲಾದರೂ ಒಂದು ಚುಕ್ಕೆ ಇಡಿ. ಮೂರು ಮೂಲೆಗಳಲ್ಲಿ ಒಂದನ್ನು ಚೀಟಿ ಎತ್ತಿ ಆರಿಸಿ, ಚುಕ್ಕೆಯಿಂದ ಆ ಮೂಲೆಗಿರುವ ದಾರಿಯ ನಟ್ಟನಡುವೆ ಹೊಸ ಚುಕ್ಕೆ ಇಡಿ. ಅಲ್ಲಿಂದ ಮತ್ತೆ ಚೀಟಿ, ಮತ್ತೆ ಅರ್ಧ ದಾರಿ. ಮೊದಲ ಇಪ್ಪತ್ತು ಚುಕ್ಕೆಗಳನ್ನು ಲೆಕ್ಕಕ್ಕೆ ಹಿಡಿಯದೆ ಉಳಿದವುಗಳನ್ನು ಪರದೆಯ ಮೇಲೆ ಹಾಕುತ್ತಾ ಹೋದರೆ, ನೂರರವರೆಗೆ ಏನೂ ತಿಳಿಯುವುದಿಲ್ಲ, ಸಾವಿರಕ್ಕೆ ಖಾಲಿ ಜಾಗಗಳು ಕಾಣತೊಡಗುತ್ತವೆ, ಹತ್ತು ಸಾವಿರಕ್ಕೆ ಸಿಯರ್ಪಿನ್‌ಸ್ಕಿ ತ್ರಿಭುಜ ಸ್ಪಷ್ಟವಾಗಿ ನಿಂತಿರುತ್ತದೆ: ನಡುವೆ ತಲೆಕೆಳಗಾದ ಒಂದು ತ್ರಿಭುಜದ ರಂಧ್ರ, ಉಳಿದ ಮೂರು ತ್ರಿಭುಜಗಳ ನಡುವೆಯೂ ಅಂಥವೇ ರಂಧ್ರಗಳು, ಅವುಗಳ ಒಳಗೂ. ನಡುವಿನ ರಂಧ್ರಕ್ಕೆ ಚುಕ್ಕೆ ಏಕೆ ಬೀಳುವುದಿಲ್ಲ? ಅಲ್ಲಿ ಬೀಳಬೇಕಾದರೆ ಅದರ ಹಿಂದಿನ ಚುಕ್ಕೆ ಮೂಲೆಯಿಂದ ಅದರ ಎರಡರಷ್ಟು ದೂರದಲ್ಲಿರಬೇಕಿತ್ತು. ಆ ಜಾಗ ಇಡೀ ತ್ರಿಭುಜದ ಹೊರಗಿದೆ. ಚಿಕ್ಕ ರಂಧ್ರಗಳಿಗೂ ಇದೇ ವಾದವನ್ನು ಒಂದೊಂದು ಹೆಜ್ಜೆ ಹಿಂದಕ್ಕೆ ಒಯ್ಯಬಹುದು. ಚೀಟಿ ಹೇಗೆ ಬಿದ್ದರೂ ಚುಕ್ಕೆ ಹೋಗಲಾರದ ಜಾಗಗಳಿವೆ, ಚಿತ್ರ ಮೂಡುವುದು ಅವುಗಳಿಂದ.

ಈ ತ್ರಿಭುಜಕ್ಕೆ ಪೋಲೆಂಡಿನ ಗಣಿತಜ್ಞ ವಾಟ್ಸ್ವಾಫ್ ಸಿಯರ್ಪಿನ್‌ಸ್ಕಿಯ ಹೆಸರು ಬಂದದ್ದು 1915ರಲ್ಲಿ ಅವರು ಅದನ್ನು ವಿವರಿಸಿದ್ದರಿಂದ. ಅವರ ದಾರಿ ನಡುವಿನ ತ್ರಿಭುಜವನ್ನು ಮತ್ತೆ ಮತ್ತೆ ಕತ್ತರಿಸಿ ತೆಗೆಯುವುದು. ಮೂರನೆಯ ದಾರಿಯೊಂದಿದೆ. ಪಾಸ್ಕಲ್ ತ್ರಿಭುಜವನ್ನು, ಪ್ರತಿ ಸಂಖ್ಯೆಯೂ ತನ್ನ ಮೇಲಿನ ಎರಡರ ಮೊತ್ತವಾಗಿರುವ, ನಮ್ಮ ಛಂದಸ್ಸಿನವರು ಮೇರುಪ್ರಸ್ತಾರ ಎನ್ನುವ ಸಂಖ್ಯೆಗಳ ಗೋಪುರವನ್ನು, ಬರೆದು ಬೆಸ ಸಂಖ್ಯೆಗಳಿಗೆ ಮಾತ್ರ ಬಣ್ಣ ಹಚ್ಚಿದರೆ ಅದೇ ಆಕೃತಿ ಬರುತ್ತದೆ. ಕತ್ತರಿಸುವುದು, ಚೀಟಿ ಎತ್ತುವುದು, ಕೂಡಿಸಿ ಬೆಸವೋ ಸಮವೋ ನೋಡುವುದು: ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ತೋರುವ ಈ ಮೂರು ದಾರಿಗಳೂ ಒಂದೇ ಕಡೆ ಬಂದು ಸೇರುತ್ತವೆ. ಚಿತ್ರವನ್ನು ಮಾತ್ರ ನೋಡಿ, ಇದು ಯಾವ ನಿಯಮದಿಂದ ಬೆಳೆಯಿತು ಎಂದು ಹೇಳಲು ಸಾಧ್ಯವಿಲ್ಲ ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ನಿದರ್ಶನ ತಿಳಿಯದು.

ಗಣಿತಜ್ಞ ಮೈಕೆಲ್ ಬಾರ್ನ್ಸ್ಲಿಯವರ ಜರೀಗಿಡದ ಎಲೆ ಇದೇ ಆಟದ ಮುಂದುವರಿಕೆ. ಅರ್ಧ ದಾರಿ ಹೋಗುವ ಮೂರು ನಿಯಮಗಳ ಬದಲು ಅಲ್ಲಿ ಕುಗ್ಗಿಸಿ, ವಾಲಿಸಿ, ಸರಿಸುವ ನಾಲ್ಕು ನಿಯಮಗಳಿವೆ. ಒಂದು ನಿಯಮಕ್ಕೆ ಆರು ಸಂಖ್ಯೆಗಳಂತೆ ಇಡೀ ಎಲೆ 24 ಸಂಖ್ಯೆಗಳಲ್ಲಿದೆ. ಚೀಟಿ ಮಾತ್ರ ಸಮವಾಗಿಲ್ಲ: ದಂಟಿಗೆ ನೂರರಲ್ಲಿ 1 ಸಲ, ಕೆಳಗಿನ ಎಡಬಲದ ಕಿರುಎಲೆಗಳಿಗೆ 7 ಮತ್ತು 7 ಸಲ, ಇಡೀ ಎಲೆಯನ್ನು ತುಸು ಚಿಕ್ಕದಾಗಿಸಿ ಮೇಲಕ್ಕೆ ಸರಿಸುವ ನಿಯಮಕ್ಕೆ 85 ಸಲ. ಸಮವಾಗಿ ಹಂಚಿದರೆ ಏನು ತಪ್ಪು ಎಂದು ಕೇಳಬಹುದು. ತಾತ್ವಿಕವಾಗಿ ಏನೂ ತಪ್ಪಿಲ್ಲ, ಕೊನೆಗೆ ಬರಬೇಕಾದ ಆಕೃತಿ ಅದೇ. ಆದರೆ ಎಲೆಯ ತುದಿಯ ಕಡೆಗೆ ಹತ್ತು ಮೆಟ್ಟಿಲು ಏರಬೇಕಾದರೆ ಮೇಲಕ್ಕೆ ಸರಿಸುವ ನಿಯಮವೇ ಸತತವಾಗಿ ಹತ್ತು ಸಲ ಬರಬೇಕು. 85ರ ಪಾಲು ಕೊಟ್ಟಿದ್ದರೆ ಅದು ಹೆಚ್ಚುಕಡಿಮೆ ಐದರಲ್ಲಿ ಒಂದು ಸಲ ಆಗುತ್ತದೆ. 25ರ ಪಾಲು ಕೊಟ್ಟರೆ ಸುಮಾರು ಹತ್ತು ಲಕ್ಷದಲ್ಲಿ ಒಂದು ಸಲ. ಬುಡದಲ್ಲಿ ಚುಕ್ಕೆಗಳು ಕಿಕ್ಕಿರಿದು, ತುದಿ ಬೋಳಾಗಿ, ನಿಯಮ ಸರಿಯಿದ್ದರೂ ಎಲೆ ಬರಲಿಲ್ಲವೆಂದು ನೀವು ಯಂತ್ರವನ್ನು ಆರಿಸಿ ಎದ್ದುಹೋಗುತ್ತೀರಿ.

ಇದಕ್ಕಿಂತಲೂ ಸರಳವಾದ, ನನಗೆ ಬಹಳ ಪ್ರಿಯವಾದ ಒಂದು ನಿಯಮವನ್ನು ಭೌತವಿಜ್ಞಾನಿಗಳಾದ ಥಾಮಸ್ ವಿಟನ್ ಮತ್ತು ಲೆನಾರ್ಡ್ ಸ್ಯಾಂಡರ್ 1981ರಲ್ಲಿ ಪ್ರಕಟಿಸಿದರು. ಪರದೆಯ ನಡುವೆ ಒಂದು ಕಣ ಕದಲದೆ ಕೂತಿದೆ. ದೂರದಿಂದ ಇನ್ನೊಂದು ಕಣ ಗೊತ್ತುಗುರಿಯಿಲ್ಲದೆ ಅಲೆಯುತ್ತಾ ಬಂದು, ತಗುಲಿದ ಕೂಡಲೇ ಅಂಟಿಕೊಳ್ಳುತ್ತದೆ. ಆಮೇಲೆ ಮೂರನೆಯದು. ಹೀಗೆ ಸಾವಿರಾರು. ಸುತ್ತಲೂ ಎಲ್ಲ ದಿಕ್ಕಿನಿಂದ ಬರುವ ಕಣಗಳು ಗುಂಡನೆಯ ಉಂಡೆಯಾಗಬೇಕಿತ್ತಲ್ಲವೇ? ಆಗುವುದು ಹವಳದಂತೆ, ಮಿಂಚಿನಂತೆ ಕವಲೊಡೆದ ಒಂದು ರೂಪ, ಸಮತಲದಲ್ಲಿ ಅದರ ಆಯಾಮ ಸುಮಾರು 1.71. ಕಾರಣ ಹೀಗಿದೆ: ಆಕಸ್ಮಿಕವಾಗಿ ಎಲ್ಲೋ ಒಂದು ಕಣ ಸ್ವಲ್ಪ ಮುಂದೆ ಚಾಚಿಕೊಂಡಿತು ಎನ್ನಿ. ಅಲೆಯುತ್ತಾ ಬರುವ ಮುಂದಿನ ಕಣಕ್ಕೆ ಮೊದಲು ತಗುಲುವುದು ಆ ತುದಿ. ತುದಿ ಇನ್ನಷ್ಟು ಚಾಚುತ್ತದೆ, ಎರಡು ಕವಲುಗಳ ನಡುವಿನ ಸಂದಿಗೆ ಇಳಿಯಬೇಕಾದ ಕಣ ದಾರಿಯಲ್ಲಿಯೇ ಯಾವುದೋ ಕವಲಿಗೆ ತಗುಲಿಬಿಡುತ್ತದೆ, ಸಂದಿ ಸಂದಿಯಾಗಿಯೇ ಉಳಿಯುತ್ತದೆ. ಇದ್ದವನಿಗೇ ಇನ್ನಷ್ಟು ಸೇರುವ ಲೆಕ್ಕ. ಪ್ರೋಗ್ರಾಂ ಬರೆಯುವಾಗಿನ ಕಷ್ಟ ಬೇರೆಯದು. ಅಲೆಯುವ ಕಣ ಎಲ್ಲೆಲ್ಲಿಯೋ ಹೋಗಿ ಗಂಟೆಗಟ್ಟಲೆ ವಾಪಸು ಬರುವುದಿಲ್ಲ. ಆದ್ದರಿಂದ ಬೆಳೆದಿರುವ ಗುಂಪಿನ ಸ್ವಲ್ಪವೇ ಹೊರಗಿನ ವೃತ್ತದಿಂದ ಕಣವನ್ನು ಬಿಡುವುದು, ಬಹು ದೂರ ಹೋದದ್ದನ್ನು ಕೈಬಿಟ್ಟು ಹೊಸದನ್ನು ಬಿಡುವುದು ರೂಢಿ.

ನಿಲ್ಲಿಸುವ ಪ್ರಶ್ನೆ ಎಲ್ಲಕ್ಕಿಂತ ಕಠಿಣವಾಗುವುದು ಮ್ಯಾಂಡೆಲ್‌ಬ್ರಾಟ್ ಗಣದಲ್ಲಿ. ನಿಯಮ ಇಷ್ಟೇ: ಸೊನ್ನೆಯಿಂದ ಹೊರಟು, ಕೈಯಲ್ಲಿರುವ ಸಂಖ್ಯೆಯನ್ನು ವರ್ಗ ಮಾಡಿ, ಗೊತ್ತುಪಡಿಸಿದ ‘ಕ’ ಎಂಬ ಸಂಖ್ಯೆಯನ್ನು ಕೂಡಿಸಿ, ಬಂದದ್ದಕ್ಕೆ ಮತ್ತೆ ಅದನ್ನೇ ಮಾಡಿ. ‘ಕ’ 1 ಆಗಿದ್ದರೆ 0, 1, 2, 5, 26 ಎಂದು ಕೈಮೀರಿ ಓಡುತ್ತದೆ. ‘ಕ’ −1 ಆಗಿದ್ದರೆ 0, −1, 0, −1 ಎಂದು ತೂಗಾಡುತ್ತಾ ಉಳಿಯುತ್ತದೆ. ಓಡಿಹೋಗದ ‘ಕ’ಗಳು ಗಣದ ಒಳಗಿನವು. ‘ಕ’ ಸಂಕೀರ್ಣ ಸಂಖ್ಯೆಯೂ, ಎಂದರೆ ಅಡ್ಡಕ್ಕೊಂದು, ಮೇಲಕ್ಕೊಂದು ಅಳತೆಯಿಂದ ಸಮತಲದ ಬಿಂದುವನ್ನು ಗುರುತಿಸುವ ಸಂಖ್ಯೆಯೂ, ಆಗಬಹುದಾದ್ದರಿಂದ ಪರದೆಯ ಒಂದೊಂದು ಪಿಕ್ಸೆಲ್ಲಿಗೂ ಒಂದೊಂದು ‘ಕ’ ಸಿಗುತ್ತದೆ. ಇಂಥ ಪುನರಾವರ್ತನೆಗಳನ್ನು ಫ್ರಾನ್ಸಿನ ಗಣಿತಜ್ಞರಾದ ಗಾಸ್ತೋ ಜೂಲಿಯಾ ಮತ್ತು ಪಿಯೆರ್ ಫಾತೂ ಮೊದಲ ಮಹಾಯುದ್ಧದ ಕಾಲದಲ್ಲಿಯೇ ಕಾಗದದ ಮೇಲೆ ಆಳವಾಗಿ ಶೋಧಿಸಿದ್ದರು. ಈ ಗಣದ ಒಂದು ಒರಟು ಚಿತ್ರವನ್ನು ರಾಬರ್ಟ್ ಬ್ರೂಕ್ಸ್ ಮತ್ತು ಪೀಟರ್ ಮಟೆಲ್‌ಸ್ಕಿ 1978ರಲ್ಲಿ ಅಚ್ಚಿನ ಅಕ್ಷರಚಿಹ್ನೆಗಳಲ್ಲಿ ತೆಗೆದರು. ಮ್ಯಾಂಡೆಲ್‌ಬ್ರಾಟ್ ಐಬಿಎಂ ಸಂಸ್ಥೆಯಲ್ಲಿದ್ದಾಗ, 1980ರಲ್ಲಿ, ಅದನ್ನು ವಿವರವಾಗಿ ನೋಡತೊಡಗಿದರು.

ಸಂಖ್ಯೆ ಒಂದು ಸಲ ಸೊನ್ನೆಯಿಂದ 2ಕ್ಕಿಂತ ದೂರ ಹೋಯಿತೆಂದರೆ ಅದು ವಾಪಸು ಬರುವುದಿಲ್ಲ ಎಂಬುದನ್ನು ಸಾಧಿಸಬಹುದು. ಹಾಗಾಗಿ ಹೊರಗಿನ ‘ಕ’ಯನ್ನು ಹೊರಗಿನದೆಂದು ನಿಶ್ಚಯವಾಗಿ ಹೇಳಬಹುದು. ಒಳಗಿನದನ್ನು ಒಳಗಿನದೆಂದು ಹೇಳುವುದು ಹೇಗೆ? ಇನ್ನೂರು ಸಲ ನೋಡಿದೆ, ಓಡಲಿಲ್ಲ. ಇನ್ನೂರಾ ಒಂದನೆಯ ಸಲ ಓಡಿದರೆ? ಇದು ಬರೀ ಶಂಕೆಯಲ್ಲ. ಗಣದ ದೊಡ್ಡ ಹೃದಯಾಕಾರದ ಭಾಗವೂ ಅದರ ಎಡಗಡೆಯ ವೃತ್ತವೂ −0.75 ಎಂಬಲ್ಲಿ ಒಂದು ಬಿಂದುವಿನಲ್ಲಿ ತಾಗುತ್ತವೆ. ಆ ಬಿಂದುವಿನ ನೇರ ಮೇಲಕ್ಕೆ 0.1 ದೂರದಲ್ಲಿರುವ ‘ಕ’ 33 ಸುತ್ತಿಗೆ ಓಡಿಹೋಗುತ್ತದೆ. 0.01 ದೂರದಲ್ಲಿರುವುದಕ್ಕೆ 315 ಸುತ್ತು ಬೇಕು. 0.001ಕ್ಕೆ 3,143. 0.0001ಕ್ಕೆ 31,417. ಇನ್ನೂರಕ್ಕೆ ನಿಲ್ಲಿಸುವ ಪ್ರೋಗ್ರಾಂ ಇವುಗಳಲ್ಲಿ ಕೊನೆಯ ಮೂರನ್ನೂ ಒಳಗಿನವೆಂದು ಕಪ್ಪು ಬಳಿದು, ಆ ಕುತ್ತಿಗೆಯನ್ನು ಇರುವುದಕ್ಕಿಂತ ದಪ್ಪ ಮಾಡಿ ತೋರಿಸುತ್ತದೆ.

ಆ ಸಂಖ್ಯೆಗಳನ್ನು ಇನ್ನೊಮ್ಮೆ ನೋಡಿ: 315, 3,143, 31,417. ಸುತ್ತಿನ ಸಂಖ್ಯೆಯನ್ನು ದೂರದಿಂದ ಗುಣಿಸಿದರೆ ಪೈ ಬೆಲೆಗೆ ಹತ್ತಿರ ಹತ್ತಿರ ಬರುತ್ತಿದೆ. ಡೇವ್ ಬಾಲ್ 1991ರಲ್ಲಿ ಈ ಕುತ್ತಿಗೆ ಎಷ್ಟು ಕಿರಿದೆಂದು ಪರೀಕ್ಷಿಸುತ್ತಿದ್ದಾಗ ಇದು ಕಣ್ಣಿಗೆ ಬಿತ್ತು; ಅದರ ಗಣಿತದ ಪುರಾವೆ ಬಂದದ್ದು ಹತ್ತು ವರ್ಷಗಳ ನಂತರ. ವರ್ಗ ಮಾಡಿ ಕೂಡಿಸುವ ನಿಯಮದಲ್ಲಿ ವೃತ್ತ ಎಲ್ಲಿತ್ತು ಎಂದು ನಾನು ಇವತ್ತಿಗೂ ಅಚ್ಚರಿಪಡುತ್ತೇನೆ.

ಹಿಗ್ಗಿಸಿ ನೋಡುತ್ತಾ ಹೋಗುವವರಿಗೆ ಇನ್ನೊಂದು ಗೋಡೆ ಎದುರಾಗುತ್ತದೆ. ಸಾಮಾನ್ಯ ಕಂಪ್ಯೂಟರಿನ ದಶಮಾಂಶ ಸಂಖ್ಯೆಯಲ್ಲಿ 15–16 ಅಂಕಿಗಳಷ್ಟು ನಿಖರತೆ ಇರುತ್ತದೆ. ಸುಮಾರು ಹತ್ತು ಲಕ್ಷ ಕೋಟಿ ಪಟ್ಟು ಹಿಗ್ಗಿಸಿದಾಗ ಅಕ್ಕಪಕ್ಕದ ಎರಡು ಪಿಕ್ಸೆಲ್ಲುಗಳ ‘ಕ’ಗಳು ಕಂಪ್ಯೂಟರಿಗೆ ಒಂದೇ ಸಂಖ್ಯೆಯಾಗಿ, ಸುಳಿಸುಳಿಯಾಗಿದ್ದ ಚಿತ್ರ ಇಟ್ಟಿಗೆ ಜೋಡಿಸಿದಂತಾಗುತ್ತದೆ. ಆಚೆಗೆ ಹೋಗಬೇಕೆಂದರೆ ಹೆಚ್ಚು ಅಂಕಿಗಳನ್ನು ಇಟ್ಟುಕೊಂಡು ನಿಧಾನವಾಗಿ ಲೆಕ್ಕ ಮಾಡಬೇಕು, ಇಲ್ಲವೇ ಒಂದು ಬಿಂದುವನ್ನು ಮಾತ್ರ ಅಷ್ಟು ನಿಖರವಾಗಿ ಲೆಕ್ಕ ಮಾಡಿ, ಉಳಿದವುಗಳನ್ನು ಅದರಿಂದ ಎಷ್ಟು ದೂರ ಎಂಬ ಸಣ್ಣ ವ್ಯತ್ಯಾಸವಾಗಿ ಲೆಕ್ಕ ಹಾಕಬೇಕು.

ಮಾತು ಮುಗಿದ ಮೇಲೆ ಸಭೆಯಲ್ಲಿ ಒಬ್ಬರು ಕೇಳಿದರು: ಹಾಗಾದರೆ ಗಿಡಗಳೂ ಹವಳಗಳೂ ನಿಜವಾಗಿಯೂ ಇಂಥ ನಿಯಮಗಳಿಂದಲೇ ಬೆಳೆಯುತ್ತವೆಯೇ? ನನ್ನ ಉತ್ತರ ಎಚ್ಚರಿಕೆಯದು. ಬಾರ್ನ್ಸ್ಲಿಯವರ ಎಲೆ ಜರೀಗಿಡದ ಪಡಿಯಚ್ಚಿನಂತಿದ್ದರೂ ಯಾವ ಜರೀಗಿಡವೂ ಗಾಳಿಯಲ್ಲಿ ಚುಕ್ಕೆ ಹಾರಿಸಿ ಬೆಳೆಯುವುದಿಲ್ಲ; ಅದು ಎಲೆಯನ್ನು ಬಣ್ಣಿಸುವ ನಿಯಮ, ಬೆಳೆಸುವ ನಿಯಮವಲ್ಲ. ಲಿಂಡೆನ್‌ಮಾಯರ್ ಹೊರಟದ್ದು ಕೋಶಗಳ ಬೆಳವಣಿಗೆಯಿಂದಲೇ, ಆದ್ದರಿಂದ ಅಲ್ಲಿ ನಂಟು ಹೆಚ್ಚು ಹತ್ತಿರದ್ದು. ವಿಟನ್ ಮತ್ತು ಸ್ಯಾಂಡರ್ ನಿಯಮಕ್ಕೆ ಭೌತಿಕ ಕಾರಣವೇ ಇದೆ. ದ್ರಾವಣದಲ್ಲಿ ಅಲೆಯುವ ಲೋಹದ ಅಯಾನುಗಳು ವಿದ್ಯುದ್ವಾರದ ಮೇಲೆ ಕೂರುವಾಗ ಅಂಥದೇ ಕವಲುಗಳು ಬೆಳೆಯುತ್ತವೆ. ಹೋಲಿಕೆ ಎಷ್ಟು ಚೆನ್ನಾಗಿದೆ ಎಂಬುದನ್ನು ಬಿಟ್ಟು, ನಿಯಮದ ಪ್ರತಿ ಹೆಜ್ಜೆಗೂ ಆ ವಸ್ತುವಿನಲ್ಲಿ ಸರಿಜೋಡಿ ಏನಿದೆ ಎಂದು ಕೇಳಬೇಕು.

ಮತ್ತೊಬ್ಬರು, ವಯಸ್ಸಿನಲ್ಲಿ ಬಹಳ ಚಿಕ್ಕವರು, ಚೀಟಿಯ ಆಟಕ್ಕೆ ಮೂರರ ಬದಲು ನಾಲ್ಕು ಮೂಲೆಗಳಿದ್ದರೆ ಏನಾಗುತ್ತದೆ ಎಂದು ಕೇಳಿದರು. ಅಲ್ಲಿಯೇ ಮಾಡಿ ನೋಡಿದೆವು. ಚೌಕದ ನಾಲ್ಕು ಮೂಲೆಗಳು, ಅರ್ಧ ದಾರಿ, ಒಂದು ಲಕ್ಷ ಚುಕ್ಕೆ. ಪರದೆಯ ಮೇಲೆ ಮರಳು ಚೆಲ್ಲಿದಂತೆ ಚೌಕವಿಡೀ ಒಂದೇ ಸಮನೆ ತುಂಬಿಕೊಂಡಿತು, ಒಂದು ಗುರುತೂ ಇಲ್ಲ. ಅರ್ಧಕ್ಕೆ ಕುಗ್ಗಿಸಿದ ನಾಲ್ಕು ಚೌಕಗಳು ಸೇರಿ ದೊಡ್ಡ ಚೌಕವನ್ನು ಸಂದಿಯಿಲ್ಲದೆ ಮುಚ್ಚಿಬಿಡುತ್ತವೆ, ಚುಕ್ಕೆ ಹೋಗಲಾರದ ಜಾಗವೇ ಉಳಿಯುವುದಿಲ್ಲ. ಆಮೇಲೆ ಪ್ರೋಗ್ರಾಂಗೆ ಒಂದೇ ಒಂದು ಷರತ್ತನ್ನು ಸೇರಿಸಿದೆವು: ಈಗಷ್ಟೇ ಆರಿಸಿದ ಮೂಲೆಯನ್ನು ಮರುಸಲ ಆರಿಸುವಂತಿಲ್ಲ. ಕೂಡಲೇ ಮರಳಿನ ನಡುವೆ ರಂಧ್ರಗಳು ತೆರೆದುಕೊಂಡವು, ರಂಧ್ರಗಳ ಸುತ್ತ ಅವುಗಳದೇ ಚಿಕ್ಕ ಪ್ರತಿಗಳು. ಆ ಷರತ್ತನ್ನು ತೆಗೆದು, ಈಗಷ್ಟೇ ಆರಿಸಿದ ಮೂಲೆಗೆ ಕರ್ಣದ ಎದುರು ತುದಿಯಲ್ಲಿರುವ ಮೂಲೆಯನ್ನು ಆರಿಸುವಂತಿಲ್ಲ ಎಂದು ಬದಲಿಸಿದಾಗ ಬಂದದ್ದು ಬೇರೆಯದೇ ಚಿತ್ರ. ಪಕ್ಕದ ಮೂಲೆಯನ್ನು ನಿಷೇಧಿಸಿದರೆ ಏನು ಬರುತ್ತದೆ ಎಂದು ಅವರು ಕೇಳುವ ಹೊತ್ತಿಗೆ ಸಭಾಂಗಣದ ಸಮಯ ಮುಗಿದಿತ್ತು.